ಅಜ್ಜನ ರೈಫಲಿಗೆ ಬೇರೆ ತೋಟೆ?

ಕಳೆದ ಮಳೆಗಾಲದ ಕೊನೆಯಲ್ಲಿ, ದೇಲಂಪಾಡಿ ಕಡೆಯ ಗುಡ್ಡದ ತಪ್ಪಲಲ್ಲಿ ಅಡಕೆ ತೋಟವಿರುವ ಹಿರಿಯರೊಬ್ಬರು ನನ್ನ ಕಚೇರಿಗೆ ಬಂದು ಮೇಜಿನ ಮೇಲೆ ಎರಡು ವಸ್ತುಗಳನ್ನಿಟ್ಟರು. ಒಂದು, ಅಂಚು ಹರಿದ ಕೋವಿಯ ಪರವಾನಗಿ ಪುಸ್ತಕ. ಇನ್ನೊಂದು, ಬಿಸ್ಕತ್ತಿನ ತಗಡಿನ ಡಬ್ಬಿ. ಅದರೊಳಗೆ ಹತ್ತಿಯಲ್ಲಿ ಸುತ್ತಿದ, ಎಂದೋ ಹಾರಿಸಿ ಮುಗಿಸಿದ ನಾಲ್ಕು ಹಿತ್ತಾಳೆಯ ಖಾಲಿ ತೋಟೆಗಳು. ಅವರ ಪ್ರಶ್ನೆ ಚಿಕ್ಕದಾಗಿತ್ತು. “ವಕೀಲರೇ, ಅಜ್ಜನ ರೈಫಲಿಗೆ ಈ ತೋಟೆ ಈಗ ಎಲ್ಲಿಯೂ ಸಿಗುವುದಿಲ್ಲ. ಚೇಂಬರನ್ನು ಸ್ವಲ್ಪ ಕೊರೆಸಿದರೆ ಅಂಗಡಿಯಲ್ಲಿ ಸಿಗುವ .315 ತೋಟೆ ಕೂರುತ್ತದೆಂದು ಲೇತ್ ಇಟ್ಟುಕೊಂಡವರೊಬ್ಬರು ಹೇಳುತ್ತಾರೆ. ಒಂದು ದಿನದ ಕೆಲಸವಂತೆ. ಕಾನೂನಿನಲ್ಲಿ ಏನಾದರೂ ತಪ್ಪುಂಟೋ?”

ಉಂಟು ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸಬಹುದಿತ್ತು. ಆದರೆ ಅವರ ಅವಸರಕ್ಕೆ ಕಾರಣವಿತ್ತು. ಆ ವಾರ ಒಂದೇ ರಾತ್ರಿಯಲ್ಲಿ ಹಂದಿಗಳ ಹಿಂಡು ಮರಗೆಣಸಿನ ಸಾಲನ್ನೂ ಹೊಸದಾಗಿ ನೆಟ್ಟ ಅಡಕೆ ಸಸಿಗಳನ್ನೂ ಬುಡಮೇಲು ಮಾಡಿತ್ತು. ಕೇರಳ ಸರ್ಕಾರವು 2022ರಲ್ಲಿ ಪಂಚಾಯತು ಅಧ್ಯಕ್ಷರಿಗೆ ಗೌರವ ವನ್ಯಜೀವಿ ಪಾಲಕರ ಅಧಿಕಾರವನ್ನು ಕೊಟ್ಟು, ಬೆಳೆಗೂ ಜೀವಕ್ಕೂ ಅಪಾಯವಾಗುವ ಕಾಡುಹಂದಿಯನ್ನು ಪರವಾನಗಿಯುಳ್ಳ ಕೋವಿದಾರರಿಂದ ಕೊಲ್ಲಿಸಲು ಅವಕಾಶ ಮಾಡಿದ ಮೇಲೆ, ಮನೆಯ ಮೂಲೆಯಲ್ಲಿ ಎಣ್ಣೆ ಒರಸಿ ಇಟ್ಟಿದ್ದ ಹಳೆಯ ಕೋವಿಗಳ ಮೇಲೆ ನಮ್ಮ ಕಡೆಯವರ ಕಣ್ಣು ಪುನಃ ಬಿದ್ದಿದೆ. ಪಂಚಾಯತಿನ ಪಟ್ಟಿಯಲ್ಲಿ ಈ ಯಜಮಾನರ ಹೆಸರೂ ಸೇರುವುದರಲ್ಲಿತ್ತು. ಕೋವಿ ಇದೆ, ತೋಟೆ ಇಲ್ಲ. ಅವರ ಸಂಕಟ ಅದಾಗಿತ್ತು.

ಇಂಥ ಪ್ರಶ್ನೆ ನಮ್ಮ ಗಡಿನಾಡಿನ ಇನ್ನೂ ಕೆಲವು ಮನೆಗಳಲ್ಲಿರಬಹುದೆಂದು ತೋರಿದ್ದರಿಂದ, ಅವರ ಒಪ್ಪಿಗೆಯನ್ನು ಪಡೆದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೋವಿಯ ವಿಷಯ. ಅದು ಜರ್ಮನಿಯಲ್ಲಿ ತಯಾರಾದ ಮೌಸರ್ ಮಾದರಿಯ ಬೋಲ್ಟ್ ರೈಫಲು. ನಳಿಗೆಯ ಮೇಲೆ ಕಿರೀಟದ ಚಿಹ್ನೆಯ ಪರೀಕ್ಷಾ ಮುದ್ರೆಗಳಿವೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ, ಊರಿಗೆ ಹೊರಟ ಕಾಫಿತೋಟದ ದೊರೆಯೊಬ್ಬರಿಂದ ಯಜಮಾನರ ಅಜ್ಜ ಅದನ್ನು ಕೊಂಡರಂತೆ. ಆಗ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಪರವಾನಗಿ ಬಂದದ್ದು ಮಂಗಳೂರಿನಿಂದ, 1878ರ ಹಳೆಯ ಶಸ್ತ್ರ ಕಾನೂನಿನ ಕೆಳಗೆ. 1956ರ ನವೆಂಬರ 1ರಂದು ನಾವು ಕೇರಳಕ್ಕೆ ಸೇರಿದೆವು. 1959ರ ಶಸ್ತ್ರ ಅಧಿನಿಯಮವು 1962ರ ಅಕ್ಟೋಬರದಲ್ಲಿ ಜಾರಿಗೆ ಬಂತು. ಕಡತವು ಒಂದು ಕಚೇರಿಯಿಂದ ಇನ್ನೊಂದಕ್ಕೆ, ಒಂದು ಭಾಷೆಯಿಂದ ಇನ್ನೊಂದಕ್ಕೆ ನಕಲಾಗುತ್ತ ಸಾಗಿತು. ಮೂಲ ಪುಸ್ತಕದಲ್ಲಿ ನೀಲಿ ಶಾಯಿಯಲ್ಲಿ “8×57” ಎಂದು ಕಾಣುತ್ತದೆ. ಎರಡನೆಯ ಪುಸ್ತಕದಲ್ಲಿ ಅದು ಬರಿಯ “8 ಮಿ.ಮೀ.” ಆಯಿತು. ಪರವಾನಗಿಗಳನ್ನು ಗಣಕಯಂತ್ರಕ್ಕೆ ಏರಿಸಿದ ಕಾಲದಲ್ಲಿ ಅದರ ಮಗ್ಗುಲಿಗೆ “.315” ಎಂಬುದೂ ಬಂದು ಕೂತಿತು. ಯಾರೂ ಬೇಕೆಂದು ಮಾಡಿದ ತಪ್ಪಲ್ಲ. ಒಂದು ಇಂಚಿನ ಸಾವಿರದ ಮುನ್ನೂರ ಹದಿನೈದು ಪಾಲೆಂದರೆ ಸರಿಯಾಗಿ ಎಂಟು ಮಿಲಿಮೀಟರು, ಅಂಗಡಿಯವರೂ.315 ತೋಟೆಯನ್ನು “8 ಮಿ.ಮೀ.” ಎಂದೇ ಕರೆಯುತ್ತಾರೆ.

ಆದ್ದರಿಂದ ಲೇತಿನವರ ವಾದಕ್ಕೆ ಒಂದು ಬಗೆಯ ತರ್ಕವೂ ಇತ್ತು. ಕಾಗದದಲ್ಲಿ .315 ಎಂದಿದೆ, ಕೋವಿ ಮಾತ್ರ ಹಾಗಿಲ್ಲ, ಕೋವಿಯನ್ನು ಕಾಗದಕ್ಕೆ ಹೊಂದಿಸಿದರೆ ಎಲ್ಲವೂ ಸರಿಹೋಗುತ್ತದಲ್ಲ!

ತೋಟೆಯ ಹೆಸರು ಬೇರೆ, ಅದರ ಅಳತೆ ಬೇರೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಜಿಮ್ ಕಾರ್ಬೆಟ್ಟರು 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕಾಗಿ ಅವರಿಗೆ ಬಹುಮಾನವಾಗಿ ಬಂದ ರಿಗ್ಬಿ ರೈಫಲಿನ ತೋಟೆಗೆ .275 ಎಂದು ಇಂಗ್ಲಿಷರ ಹೆಸರು. ಅದೇ ತೋಟೆಗೆ ಜರ್ಮನರ ಹೆಸರು 7×57. ಹೆಸರೆರಡು, ತೋಟೆಯೊಂದೇ. ನಮ್ಮ ಯಜಮಾನರದು ಇದಕ್ಕೆ ತಿರುಗುಮುರುಗಾದ ಪ್ರಸಂಗ. ಎಂಟು ಮಿಲಿಮೀಟರೆಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ತೋಟೆಗಳು. ಒಂದು ಜರ್ಮನರ 8×57. ಇನ್ನೊಂದು, ನಮ್ಮ ಸರ್ಕಾರಿ ಕಾರ್ಖಾನೆಗಳು .315 ಎಂದು ಮಾರುವುದು, ಆಸ್ಟ್ರಿಯಾ ದೇಶದ ಹಳೆಯ ಮನ್ಲಿಖರ್ ಸೈನಿಕ ರೈಫಲಿನ 8×50 ತೋಟೆ. ಎರಡನೆಯ ಸಂಖ್ಯೆಯು ತೋಟೆಯ ಹಿತ್ತಾಳೆ ಕೊಳವೆಯ ಉದ್ದವನ್ನು ಹೇಳುತ್ತದೆ.

ಆಸ್ಟ್ರಿಯಾದ ಸೈನ್ಯದ ತೋಟೆ ಹಿಂದುಸ್ಥಾನದ ಬೇಟೆಯ ತೋಟೆಯಾದ ಕತೆ ಸ್ವಾರಸ್ಯವಾದದ್ದು. ಅದರ ಹಿಂದೆ ಇರುವುದೂ ಕಾನೂನೇ. ಬ್ರಿಟಿಷ್ ಸೈನ್ಯದ ತೋಟೆಯಾದ .303 ಪ್ರಜೆಗಳ ಕೈಗೆ ಸಿಗಬಾರದೆಂಬುದು ಆಳುವವರ ನೀತಿಯಾಗಿತ್ತು. ಪ್ರಜೆಯ ಕೋವಿಗೆ ಸೈನ್ಯದ ಮದ್ದುಗುಂಡು ಹೊಂದಿಕೊಂಡರೆ ಕಳವಿಗೂ ದಂಗೆಗೂ ದಾರಿಯಾಗುತ್ತದೆಂದು ಭಯ. ಹಾಗಾಗಿ, ರೈಫಲಿನ ಯಂತ್ರಭಾಗವು ಲೀ-ಎನ್‌ಫೀಲ್ಡಿನದೇ ಆದರೂ ತೋಟೆ ಮಾತ್ರ ಬೇರೆಯಾಗಿರುವ .315 ಇಲ್ಲಿ ಬೇರೂರಿತು. ಇದಕ್ಕೂ ದೊಡ್ಡ ಪಲ್ಲಟ 1907ರದು. ಸೈನ್ಯವು ಕೈಬಿಟ್ಟ ಮಾರ್ಟಿನಿ-ಹೆನ್ರಿ ರೈಫಲುಗಳು ದಂಗೆಕೋರರ ಕೈಸೇರಿದ್ದವು, ಅವುಗಳ ಅಳತೆ.450. ಅದೇ ಅಳತೆಯ ಬೇಟೆಯ ತೋಟೆಗಳ ಗುಂಡನ್ನು ಅವುಗಳಿಗೆ ಬಳಸಿಕೊಳ್ಳಬಹುದೆಂಬ ಶಂಕೆಯಿಂದ ಹಿಂದುಸ್ಥಾನಕ್ಕೂ ಸುಡಾನಿಗೂ .450 ಅಳತೆಯ ಕೋವಿ, ತೋಟೆಗಳ ಆಮದನ್ನು ಸರ್ಕಾರ ನಿಷೇಧಿಸಿತು. ಆನೆ, ಕಾಟಿಗಳ ಬೇಟೆಗೆ ಆಗ ಅತ್ಯಂತ ಹೆಸರಾಗಿದ್ದ ತೋಟೆಯೇ .450. ಇಂಗ್ಲೆಂಡಿನ ಕೋವಿ ತಯಾರಕರು ಪೈಪೋಟಿಯಿಂದ .465, .470, .475, .476 ಎಂದು ಬಗೆಬಗೆಯ ಅಳತೆಗಳನ್ನು ಮಾರುಕಟ್ಟೆಗೆ ತಂದರು. ಈ ವಿಚಿತ್ರ ಸಂಖ್ಯೆಗಳಲ್ಲಿ ಪ್ರಾಣಿಶಾಸ್ತ್ರದ ಅಗತ್ಯ ಯಾವುದೂ ಇಲ್ಲ. ಇರುವುದು ಒಂದು ಆಜ್ಞೆಯನ್ನು ತಪ್ಪಿಸಿಕೊಳ್ಳುವ ಜಾಣತನ. ವಕೀಲನಾದ ನನಗೆ ಆ ಜಾಣತನ ಅಪರಿಚಿತವೇನಲ್ಲ.

ತೋಟೆ ಸಿಗದೆ ಕೋವಿ ಮೂಲೆ ಸೇರುವುದೂ ಹೊಸತಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ನಮ್ಮ ಶಾಲೆಗಳ ಕಪಾಟುಗಳಲ್ಲಿ ಮಕ್ಕಳ ಕೈಯಲ್ಲಿ ಸವೆದ ಪುಸ್ತಕಗಳು. ಅವುಗಳ ಮೂಲ ಲೇಖಕ ಕೆನೆತ್ ಆಂಡರ್ಸನ್ನರು ಜವಳಗಿರಿಯೇ ಮೊದಲಾದ ಹೊಸೂರು ಕಡೆಯ ಕಾಡುಗಳಲ್ಲಿ ಹೊತ್ತು ತಿರುಗಿದ್ದು 1895ನೆಯ ಮಾದರಿಯ ವಿಂಚೆಸ್ಟರ್ ರೈಫಲನ್ನು. ಅದರ .405 ತೋಟೆ 1904ರಲ್ಲಿ ಹುಟ್ಟಿತು. ಎರಡನೆಯ ಮಹಾಯುದ್ಧದ ಬಳಿಕ ತಯಾರಿಕೆ ನಿಂತುಹೋಯಿತು. ಈ ಶತಮಾನದ ಆರಂಭದಲ್ಲಷ್ಟೇ ಅಮೆರಿಕದ ಕಂಪನಿಯೊಂದು ಅದನ್ನು ಪುನಃ ಮಾಡತೊಡಗಿತು. ನಡುವಿನ ದಶಕಗಳಲ್ಲಿ ಆ ಕೋವಿಯನ್ನು ಇಟ್ಟುಕೊಂಡವರ ಮುಂದಿದ್ದುದು ನಮ್ಮ ಯಜಮಾನರ ಪ್ರಶ್ನೆಯೇ.

ಈಗ ಚೇಂಬರಿಗೆ ಬರೋಣ. ನಳಿಗೆಯ ಹಿಂತುದಿಯಲ್ಲಿ ತೋಟೆ ಬಂದು ಕೂರುವ ಗೂಡೇ ಚೇಂಬರು. ತೋಟೆ ಸಿಡಿದಾಗ ಹಿತ್ತಾಳೆಯ ಕೊಳವೆ ಕ್ಷಣಮಾತ್ರ ಉಬ್ಬಿ ಆ ಗೂಡಿನ ಗೋಡೆಗೆ ಬಿಗಿಯಾಗಿ ಒತ್ತಿಕೊಂಡು, ಉರಿಯುವ ಅನಿಲ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಹೊಡೆಯುವವನ ಕೆನ್ನೆಯಿರುವುದು ಬೋಲ್ಟಿನ ಮಗ್ಗುಲಲ್ಲೇ. ಅಲ್ಲಿ ಅವನನ್ನು ಕಾಯುವುದು ಉಕ್ಕಿನಷ್ಟೇ ಈ ತೆಳ್ಳಗಿನ ಹಿತ್ತಾಳೆಯೂ ಹೌದು. ಗೂಡು ತೋಟೆಗಿಂತ ದೊಡ್ಡದಾದರೆ ಹಿತ್ತಾಳೆ ಆಧಾರವಿಲ್ಲದೆ ಹಿಗ್ಗಿ ಸೀಳುತ್ತದೆ.

ಬೇರೆ ತೋಟೆಗಾಗಿ ಚೇಂಬರನ್ನು ಕೊರೆಯುವುದೆಂದರೆ ರೀಮರ್ ಎಂಬ ಉಪಕರಣದಿಂದ ಒಳಗಿನ ಲೋಹವನ್ನು ಹೆರೆದು ತೆಗೆಯುವುದು. ಹೆರೆದು ತೆಗೆಯಬಹುದೇ ಹೊರತು ಸೇರಿಸಲು ಬರುವುದಿಲ್ಲ. ಹೊಸ ತೋಟೆಯು ಹಳೆಯದಕ್ಕಿಂತ ಎಲ್ಲ ಕಡೆಯಿಂದಲೂ, ಅಂದರೆ ಬುಡದಲ್ಲಿ, ಹೆಗಲಿನಲ್ಲಿ, ಕುತ್ತಿಗೆಯಲ್ಲಿ, ಉದ್ದದಲ್ಲಿ, ತುಸುವಾದರೂ ದೊಡ್ಡದಿದ್ದರೆ ಮಾತ್ರ ಹಳೆಯ ಗೂಡಿನ ಗುರುತು ಅಳಿದು ಹೊಸ ಗೂಡು ಮೂಡುತ್ತದೆ. ಗುಂಡಿನ ವ್ಯಾಸ ಒಂದೇ ಇರಬೇಕು. ಬೋಲ್ಟಿನ ಮುಖ ತೋಟೆಯ ಬುಡವನ್ನು ಹಿಡಿಯುವಂತಿರಬೇಕು. ಮ್ಯಾಗಜೀನಿನಿಂದ ಅದು ಜಾರಿ ಬರಬೇಕು. ಹೊಸ ತೋಟೆಯ ಒತ್ತಡವನ್ನು ಹಳೆಯ ಉಕ್ಕು ತಾಳಬೇಕು. ಇಷ್ಟೂ ಕೂಡಿ ಬಂದಲ್ಲಿ ಅದು ನುರಿತವರು ಮಾಡಬಹುದಾದ ಒಳ್ಳೆಯ ಕೆಲಸವೇ. ಪಾಶ್ಚಾತ್ಯ ದೇಶಗಳಲ್ಲಿ ಬೇಟೆಗಾರರು ಬಹುಕಾಲದಿಂದ ಮಾಡಿಸುತ್ತ ಬಂದಿದ್ದಾರೆ.

ನಮ್ಮಲ್ಲಿ ಕೂಡಿ ಬಂತೇ? ಅದನ್ನು ಕಂಡುಹಿಡಿದವಳು ಯಜಮಾನರ ಮೊಮ್ಮಗಳು. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಹನ್ನೊಂದರಲ್ಲಿ ವಿಜ್ಞಾನ ಕಲಿಯುತ್ತಿರುವ ಹುಡುಗಿ. ಎರಡನೆಯ ಸಲ ಅಜ್ಜನೊಂದಿಗೆ ಬಂದಾಗ ಅವಳ ಚೀಲದಲ್ಲಿ ವರ್ನಿಯರ್ ಮಾಪಕವಿತ್ತು. ಖಾಲಿ ತೋಟೆಗಳಲ್ಲಿ ಒಂದನ್ನು ಹಿಡಿದು, ಮೂರು ಸಲ ಅಳೆದು, ಸರಾಸರಿ ತೆಗೆದು ಬರೆದಳು: ಉದ್ದ 57 ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ, ಬುಡದ ವ್ಯಾಸ ಸುಮಾರು 12. ಆಮೇಲೆ ಪರವಾನಗಿಯುಳ್ಳ ಕೋವಿ ವ್ಯಾಪಾರಿಯೊಬ್ಬರಲ್ಲಿಗೆ ಹೋಗಿ .315 ತೋಟೆಯ ಅಳತೆಯನ್ನೂ ಬರೆದುಕೊಂಡೆವು. ಉದ್ದ 50, ಬುಡ ಸುಮಾರು ಹನ್ನೆರಡೂವರೆ, ಅದರ ಬುಡದಲ್ಲಿ ಬಳೆಯಂತೆ ಹೊರಚಾಚಿದ ಅಂಚು ಸುಮಾರು 14. ಹುಡುಗಿ ಎರಡು ಚಿತ್ರಗಳನ್ನೂ ಒಂದರ ಮೇಲೊಂದು ಗೆರೆಯೆಳೆದು ಬಿಡಿಸಿ ಅಜ್ಜನ ಮುಂದಿಟ್ಟಳು. ಬುಡದಲ್ಲಿ .315 ದಪ್ಪ, ಆದುದರಿಂದ ಅಲ್ಲಿ ಕೊರೆಯಬಹುದು. ಮುಂದೆ ಮಾತ್ರ ಅದು ಗಿಡ್ಡ. ಅದರ ಹೆಗಲು ಮುಗಿದು ಕುತ್ತಿಗೆ ಆರಂಭವಾಗುವ ಕಡೆ ಮೌಸರಿನ ಗೂಡು ಇನ್ನೂ ಅಗಲವಾಗಿಯೇ ಮುಂದುವರಿಯುತ್ತದೆ.

“ಅಜ್ಜ, ಇಲ್ಲಿ ಕುತ್ತಿಗೆಯ ಸುತ್ತ ಬರೀ ಗಾಳಿ. ಈ ಖಾಲಿ ಜಾಗಕ್ಕೆ ಅವರು ಉಕ್ಕನ್ನು ಎಲ್ಲಿಂದ ತುಂಬುತ್ತಾರೆ?” ಎಂದು ಕೇಳಿದಳು.

ಆ ಪ್ರಶ್ನೆಗೆ ಲೇತಿನವರ ಬಳಿಯೂ ಉತ್ತರವಿರಲಾರದು. ಕೊರೆದು ಮುಗಿಸಿದ್ದರೆ .315 ತೋಟೆ ಹಿಂಭಾಗದಲ್ಲಿ ಬಿಗಿಯಾಗಿ ಕೂತು, ‘ಸರಿಯಾಯಿತು’ ಎಂದು ತೋರುತ್ತಿತ್ತು. ಮೊದಲ ಗುಂಡಿಗೇ ಕುತ್ತಿಗೆ ಸೀಳಿಹೋಗುತ್ತಿತ್ತು. ಅದೂ ಅಲ್ಲದೆ, ಅಂಚಿಲ್ಲದ ತೋಟೆಗೆಂದು ಮಾಡಿದ ಮೌಸರಿನ ಬೋಲ್ಟಿನ ಮುಖದಲ್ಲಿ 14 ಮಿಲಿಮೀಟರಿನ ಬಳೆಯಂಚು ಹಿಡಿಸುವುದಿಲ್ಲ. ಹಿಡಿಸಬೇಕಾದರೆ ಬೋಲ್ಟನ್ನೂ ಹೆರೆಯಬೇಕು. ಆಸ್ಫೋಟದ ಹೊಡೆತವನ್ನು ತಡೆಯುವ ಭಾಗವೇ ಅದು. ಮ್ಯಾಗಜೀನಿನೊಳಗೆ ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಕೊಳ್ಳುವುದು ಬೇರೆ.

ಇನ್ನೊಂದು ತೊಡಕನ್ನೂ ಹೇಳಬೇಕು. ಜರ್ಮನರ 8×57ರಲ್ಲಿಯೇ ಎರಡು ಬಗೆಗಳಿವೆ. 1888ರ ಮೂಲ ತೋಟೆಯ ಗುಂಡಿನ ವ್ಯಾಸ ಸುಮಾರು 8.1 ಮಿಲಿಮೀಟರು; 1905ರಲ್ಲಿ ಬಂದ ಸೈನಿಕ ತೋಟೆಯದು 8.2. ಮೊದಲನೆಯದಕ್ಕೆಂದು ಮಾಡಿದ ಬೇಟೆಯ ರೈಫಲುಗಳನ್ನು ಜರ್ಮನರು ಆಮೇಲೆಯೂ ತಯಾರಿಸುತ್ತಲೇ ಇದ್ದರು. ಕಿರಿದಾದ ನಳಿಗೆಯೊಳಗೆ ದೊಡ್ಡ ಗುಂಡನ್ನು ನುಗ್ಗಿಸಿದರೆ ಒತ್ತಡ ಮಿತಿಮೀರುತ್ತದೆ. ಆದುದರಿಂದ ‘8×57’ ಎಂದು ಬರೆದ ಪೆಟ್ಟಿಗೆ ಎಲ್ಲಿಂದಲೋ ದೊರೆತರೂ ಹಾಗೆಯೇ ತುಂಬಿ ಹೊಡೆಯುವಂತಿಲ್ಲ. ಮೆತ್ತನೆಯ ಸೀಸದ ತುಂಡೊಂದನ್ನು ನಳಿಗೆಯಲ್ಲಿ ತೂರಿಸಿ, ಹೊರಬಂದ ಅಚ್ಚನ್ನು ಮೈಕ್ರೋಮೀಟರಿನಿಂದ ಅಳೆದು ತೀರ್ಮಾನಿಸಬೇಕು. ವ್ಯಾಪಾರಿಯ ಕೋವಿ ಕೆಲಸಗಾರರು ಅದನ್ನೂ ಮಾಡಿದರು. ನಮ್ಮದು ಕಿರಿದಾದ ಹಳೆಯ ಬಗೆ. ಯಜಮಾನರ ಮುಖ ಆಗ ಸಣ್ಣಗಾದುದನ್ನು ಕಂಡೆ. ವಿದೇಶದಿಂದ ತೋಟೆ ತರಿಸುವ ಆಸೆಯೊಂದು ಅವರಲ್ಲಿ ಅಲ್ಲಿಯವರೆಗೂ ಉಳಿದಿತ್ತು.

ನಳಿಗೆಯನ್ನೇ ಬದಲಿಸಿದರೆ? ಹೊಸ ನಳಿಗೆ, ಹೊಸ ಚೇಂಬರು, ಹೆರೆದ ಬೋಲ್ಟು, ಆಮೇಲೆ ಅಧಿಕೃತ ಪರೀಕ್ಷೆ. ಖರ್ಚನ್ನು ಲೆಕ್ಕಹಾಕಿದರೆ ಹೊಸ ರೈಫಲೇ ಅಗ್ಗ. ಅಲ್ಲದೆ, ಅಜ್ಜನ ಕೋವಿಯೆಂದು ಹೇಳಲು ಕೊನೆಗೆ ಮರದ ಹಿಡಿಯೊಂದೇ ಉಳಿಯುತ್ತಿತ್ತು.

ಇಷ್ಟಾದ ಮೇಲೆ ಕಾನೂನಿನ ಪ್ರಶ್ನೆ ಅನಾವಶ್ಯಕವೆನಿಸಬಹುದು. ಆದರೆ ಈ ಪ್ರಕರಣದಲ್ಲಿ ಅಳತೆ ಹೊಂದದಿದ್ದರೂ ಇನ್ನೊಬ್ಬರ ಕೋವಿಯಲ್ಲಿ ಹೊಂದಬಹುದು, ಆದ್ದರಿಂದ ಬರೆಯುತ್ತೇನೆ. ಶಸ್ತ್ರ ಅಧಿನಿಯಮದ 5ನೆಯ ಕಲಮಿನ ಪ್ರಕಾರ, ಕೋವಿಯನ್ನು ತಯಾರಿಸುವುದಕ್ಕೆ, ಮಾರುವುದಕ್ಕೆ ಮಾತ್ರವಲ್ಲ, ರೂಪಾಂತರಿಸುವುದಕ್ಕೆ, ದುರಸ್ತಿಗೆ, ಪರೀಕ್ಷೆಗೆ ಸಹ ಅದಕ್ಕೆಂದೇ ಪಡೆದ ಪರವಾನಗಿ ಬೇಕು. ಕೋವಿಯನ್ನು ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು. ಈ ಭೇದ ನಮ್ಮವರಿಗೆ ತಿಳಿಯದು. ‘ನನ್ನ ಕೋವಿ, ನನ್ನ ಪುಸ್ತಕ, ನನ್ನ ದುಡ್ಡು’ ಎಂದು ವಾದಿಸುತ್ತಾರೆ. 6ನೆಯ ಕಲಮು ನಳಿಗೆಯನ್ನು ಗಿಡ್ಡ ಮಾಡುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯು ಕೋವಿಯನ್ನು ಒಂದು ವರ್ಗದಿಂದ ಇನ್ನೊಂದಕ್ಕೆ ಮಾರ್ಪಡಿಸುವುದನ್ನೂ ಅದಕ್ಕೆ ಸೇರಿಸಿತು. ರೈಫಲು ರೈಫಲಾಗಿಯೇ ಉಳಿದು ತೋಟೆ ಮಾತ್ರ ಬದಲಾದರೆ ಅದು ವರ್ಗ ಬದಲಾದಂತಾಯಿತೇ ಎಂದು ವಾದಿಸಲು ಎಡೆಯುಂಟು. ಆದರೆ ಪರವಾನಗಿಯಿಲ್ಲದ ಲೇತಿನಲ್ಲಿ ಮಾಡಿಸಿದರೆ 5ನೆಯ ಕಲಮಿನಿಂದ ಪಾರಾಗಲು ಎಡೆಯಿಲ್ಲ. ಶಿಕ್ಷೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ, ಜೀವಾವಧಿಯವರೆಗೂ ಹೋಗಬಹುದು. .303 ಅಥವಾ 7.62 ಮಿ.ಮೀ.ನಂಥ ನಿಷಿದ್ಧ ಅಳತೆಗೆ ತಿದ್ದಿಸಿದರೆ ಅದು ನಿಷಿದ್ಧ ಶಸ್ತ್ರವಾಗಿಬಿಡುತ್ತದೆ. ಅದರ ಪ್ರಕರಣವೇ ಬೇರೆ.

ಅಂದಮೇಲೆ ಕಾಗದವನ್ನು ಕೋವಿಗೆ ಹೊಂದಿಸುವುದೇ ದಾರಿ. ತಪ್ಪು ಅಳತೆಯ ನಮೂದಿರುವ ಪುಸ್ತಕವನ್ನು ಇಟ್ಟುಕೊಂಡಿರುವುದೂ ಕ್ಷೇಮವಲ್ಲ. ತಪಾಸಣೆಯಲ್ಲಿ ಕೋವಿಗೂ ನಮೂದಿಗೂ ತಾಳೆಯಾಗದಿದ್ದರೆ ವಿವರಣೆ ಕೊಡಬೇಕಾದವರು ನಾವೇ. ತಿದ್ದುಪಡಿಗೆ ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ಮೂಲ ಪುಸ್ತಕದ ಪ್ರತಿಯನ್ನೂ ಪರವಾನಗಿಯುಳ್ಳ ಕೋವಿ ಕೆಲಸಗಾರರ ಅಳತೆಯ ಪತ್ರವನ್ನೂ ಜೊತೆಗಿಡಬೇಕು. ಆದ್ದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ: ಅಜ್ಜಂದಿರ ಕಾಲದ ಮಂಗಳೂರಿನ ಕಾಗದಗಳು ಪೆಟ್ಟಿಗೆಯಲ್ಲಿದ್ದರೆ ಗೆದ್ದಲಿಗೆ ಬಿಡಬೇಡಿ. ಈ ಪ್ರಕರಣದಲ್ಲಿ ಸತ್ಯ ಉಳಿದದ್ದು ಆ ನೀಲಿ ಶಾಯಿಯ ಒಂದು ಸಾಲಿನಲ್ಲಿ.

ಯಜಮಾನರು ಅರ್ಜಿಯನ್ನು ಮಲಯಾಳದಲ್ಲಿ ಬರೆಸಲು ಹೊರಟಿದ್ದರು. ಅಗತ್ಯವಿಲ್ಲವೆಂದೆ. 1969ರ ಕೇರಳ ರಾಜಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಸಂವಿಧಾನದ 350ನೆಯ ಅನುಚ್ಛೇದವೂ ಇದೆ. ಹಕ್ಕಿದ್ದೂ ಬಳಸದೆ, ಆಮೇಲೆ ಕಚೇರಿಯಲ್ಲಿ ಕನ್ನಡ ಬಲ್ಲವರಿಲ್ಲವೆಂದು ದೂರುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಅರ್ಜಿಯನ್ನು ಮೊಮ್ಮಗಳೇ ಬರೆದಳು. ‘ಚೇಂಬರ್’ ಎಂಬಲ್ಲಿ ಅವಳು ಮೊದಲು ‘ಕೊಠಡಿ’ ಎಂದು ಬರೆದಿದ್ದಳು. ಗುಮಾಸ್ತರು ಓದಿ ಮನೆಯ ದುರಸ್ತಿಯೆಂದುಕೊಂಡಾರೆಂದು ನಾನೇ ಹೊಡೆದುಹಾಕಿಸಿದೆ.

ಹಂದಿಯ ಪ್ರಶ್ನೆ ಹಾಗೆಯೇ ಉಳಿಯಿತು. ನನ್ನ ಅಭಿಪ್ರಾಯವನ್ನು ಯಜಮಾನರು ಕೇಳಿದಾಗ, ನಮ್ಮ ಊರಿನ ಹಂದಿಗೆ ರೈಫಲೇ ಬೇಡವೆಂದೆ. ರೈಫಲಿನ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ. ನಮ್ಮಲ್ಲಿ ಮನೆಗಳು ಒಂದೆಡೆ ಗುಂಪಾಗಿಲ್ಲ. ತೋಟಕ್ಕೊಂದರಂತೆ ಗುಡ್ಡದುದ್ದಕ್ಕೂ ಚದರಿವೆ. ಸಾಲದ್ದಕ್ಕೆ ನೆಲವೆಲ್ಲ ಮುರಕಲ್ಲು. ಗುರಿ ತಪ್ಪಿದ ಗುಂಡು ಕಲ್ಲಿಗೆ ತಾಗಿ ಎತ್ತ ಚಿಮ್ಮೀತೆಂದು ಯಾರೂ ಹೇಳಲಾರರು. ರಾತ್ರಿ, ಮಂಜು, ಟಾರ್ಚಿನ ಬೆಳಕು, ಬೆಳಗಿನ ಜಾವ ಎದ್ದು ರಬ್ಬರು ಕೊಯ್ಯಲು ಹೋಗುವವರು. ಇಂಥಲ್ಲಿ ಸಮೀಪದಿಂದ ಹೊಡೆಯುವ 12 ಬೋರಿನ ತೋಟೆ ಕೋವಿಯೇ ಲೇಸು. ಜೀವಕ್ಕೂ ಸೊತ್ತಿಗೂ ಹಾನಿಯಾಗದಂತೆ ನೋಡಿಕೊಳ್ಳಬೇಕೆಂದು, ವಿಷ, ಸ್ಫೋಟಕ, ವಿದ್ಯುತ್ತುಗಳನ್ನು ಬಳಸಕೂಡದೆಂದು ಸರ್ಕಾರದ ಆದೇಶದಲ್ಲೂ ಇದೆ. 2019ರ ತಿದ್ದುಪಡಿಯ ಬಳಿಕ ಒಬ್ಬರಿಗೆ ಎರಡು ಕೋವಿಗಳಷ್ಟೇ. ಯಜಮಾನರಲ್ಲಿ ಇದ್ದುದು ಒಂದು, ಆದುದರಿಂದ ಇನ್ನೊಂದಕ್ಕೆ ಅವಕಾಶವಿತ್ತು.

ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ತೋಟೆ ಸಿಗದ ಕೋವಿಯನ್ನು ಐದೈದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನವೀಕರಿಸುವುದು, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತುಕೊಂಡು ಹೋಗಿ ಒಪ್ಪಿಸುವುದು, ಪುನಃ ತರುವುದು, ಇಷ್ಟೆಲ್ಲ ಯಾತಕ್ಕೆಂದು ಅವರ ಮಗ ಕೇಳಿದ್ದರಂತೆ. ನ್ಯಾಯವಾದ ಪ್ರಶ್ನೆ. ವ್ಯಾಪಾರಿಗೆ ಮಾರಬಹುದೆಂದೂ ಹೇಳಿದೆ. “ಮಾರಿದರೆ ಕೊಂಡವನು ಕೊರೆಸುತ್ತಾನೆ” ಎಂದರು.

ಎಪ್ಪತ್ತು ತುಂಬಿದ ಪರವಾನಗಿದಾರರು ತಮ್ಮ ಕೋವಿಯನ್ನು ಜೀವಿತಕಾಲದಲ್ಲಿಯೇ ವಾರಸುದಾರರ ಹೆಸರಿಗೆ ಮಾಡಿಸಿಕೊಡಲು 2016ರ ಶಸ್ತ್ರ ನಿಯಮಗಳಲ್ಲಿ ಅವಕಾಶವುಂಟು, ಅವರಿಗೆ ಎಪ್ಪತ್ತೊಂದು. ಮಗನಿಗೆ ಬೇಡ, ಮೊಮ್ಮಗಳಿಗೆ ಇನ್ನೂ ವಯಸ್ಸಾಗಿಲ್ಲ. ಸದ್ಯಕ್ಕೆ ರೈಫಲನ್ನು ಪರವಾನಗಿಯುಳ್ಳ ವ್ಯಾಪಾರಿಯ ಸುರಕ್ಷಿತ ಠೇವಣಿಯಲ್ಲಿಟ್ಟು ರಸೀದಿ ಪಡೆದಿದ್ದೇವೆ. ರಸೀದಿಯಲ್ಲಿ “8×57, ಹಳೆಯ ಬಗೆ, ಚೇಂಬರ್ ಮೂಲಸ್ಥಿತಿಯಲ್ಲಿದೆ” ಎಂದು ಬರೆಯಿಸಿಕೊಂಡೆ. ಒಂಟಿ ನಳಿಗೆಯ 12 ಬೋರಿಗೆ ಬೇರೆಯೇ ಅರ್ಜಿ ಹೋಗಿದೆ.

ತಿದ್ದುಪಡಿಯ ಅರ್ಜಿಗೆ ಮೊನ್ನೆ ಉತ್ತರ ಬಂತು. ಅಳತೆಯ ಪತ್ರದ ಇನ್ನೊಂದು ಪ್ರತಿ ಬೇಕೆಂದು ಕೇಳಿದ್ದಾರೆ. ಕಾಗದ ಮಲಯಾಳದಲ್ಲಿದೆ, ಕೊನೆಯಲ್ಲಿ ಯಾರೋ ಪೆನ್ನಿನಿಂದ, ಅಕ್ಷರ ಸ್ವಲ್ಪ ವಾಲಿದ್ದರೂ ಸ್ಪಷ್ಟವಾಗಿ, “ದಯವಿಟ್ಟು ಬೇಗ ಕಳುಹಿಸಿ” ಎಂದು ಕನ್ನಡದಲ್ಲಿ ಬರೆದಿದ್ದಾರೆ.